ಕೊನೆಯ ಮಾತು ಯಾರದು?

ಕಳೆದ ಮಳೆಗಾಲದ ಒಂದು ಭಾನುವಾರ ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರು ಮನೆಗೆ ಬಂದರು. ಮುಂಬಯಿಯ ಕನ್ನಡ ರಾತ್ರಿಶಾಲೆಯೊಂದರಲ್ಲಿ ಮೂವತ್ತು ವರ್ಷ ಪಾಠ ಹೇಳಿ ನಿವೃತ್ತರಾದವರು. ವಯಸ್ಸು ಎಂಬತ್ತರ ಸಮೀಪ. ನಾವೆಲ್ಲ ಅವರನ್ನು ಮೇಷ್ಟ್ರೆಂದೇ ಕರೆಯುತ್ತೇವೆ. ಅವರು ದೇವರನ್ನು ನಂಬುವವರಲ್ಲ. ಅದನ್ನು ಮುಚ್ಚಿಟ್ಟವರೂ ಅಲ್ಲ, ಮೆರೆಸಿದವರೂ ಅಲ್ಲ. ಚಹಾ ಕುಡಿದಾದ ಮೇಲೆ ಪ್ಲಾಸ್ಟಿಕ್ ಚೀಲದಿಂದ ಒಂದು ಕಾಗದವನ್ನು ಹೊರತೆಗೆದು, "ಇದಕ್ಕೆ ನಿಮ್ಮ ರುಜು, ಮೊಹರು ಬೇಕು. ನೀವು ಗೆಜೆಟೆಡ್ ಅಧಿಕಾರಿಯಲ್ಲವೆ?" ಎಂದರು.

ಅದು ಲಿವಿಂಗ್ ವಿಲ್. ತಾವು ಗುಣವಾಗದ ಕಾಯಿಲೆಗೆ ತುತ್ತಾಗಿ, ಮಾತನಾಡುವ ಶಕ್ತಿಯನ್ನೂ ಕಳೆದುಕೊಂಡ ಸ್ಥಿತಿಯಲ್ಲಿ, ವೆಂಟಿಲೇಟರ್ ಮೊದಲಾದ ಸಾಧನಗಳಿಂದ ತಮ್ಮ ಉಸಿರನ್ನು ಎಳೆದು ನಿಲ್ಲಿಸಬಾರದೆಂದು ಅವರು ಅದರಲ್ಲಿ ಬರೆದಿದ್ದರು. ಇಂಥ ಪತ್ರಕ್ಕೆ ಸರ್ವೋಚ್ಚ ನ್ಯಾಯಾಲಯದ ಪಂಚಸದಸ್ಯ ಪೀಠವು ೨೦೧೮ರ ಮಾರ್ಚ್ ೯ರಂದು ಮಾನ್ಯತೆ ನೀಡಿತು. ಮೊದಲು ಅದಕ್ಕೆ ಮ್ಯಾಜಿಸ್ಟ್ರೇಟರ ಸಹಿ ಬೇಕಿತ್ತು. ೨೦೨೩ರ ಜನವರಿಯಲ್ಲಿ ನ್ಯಾಯಾಲಯವೇ ನಿಯಮವನ್ನು ಸಡಿಲಿಸಿ, ಇಬ್ಬರು ಸಾಕ್ಷಿಗಳ ಸಹಿಯೊಡನೆ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕೆಂದಿತು. ಹೀಗಾಗಿ ಅಂಕಪಟ್ಟಿಗಳ ನಕಲುಗಳಿಗೆ ರುಜು ಹಾಕುತ್ತ ಬಂದ ನನ್ನ ಮುಂದೆ ಒಬ್ಬ ಮನುಷ್ಯನ ಸಾವಿನ ಕಾಗದ ಬಂದು ಕುಳಿತಿತು.

ನಾನು ಅಂದು ರುಜು ಹಾಕಲಿಲ್ಲ. "ಒಂದು ವಾರ ಸಮಯ ಕೊಡಿ, ಮೇಷ್ಟ್ರೇ" ಎಂದೆ. ಆ ವಾರದಲ್ಲಿ ನನ್ನೊಳಗೆ ನಡೆದ ವಾಗ್ವಾದವನ್ನೇ ಇಲ್ಲಿ ಓದುಗರ ಮುಂದಿಡುತ್ತಿದ್ದೇನೆ.

ನಾನು ಹುಟ್ಟಿದ್ದು ಬೆಳಗಾವಿ ಸೀಮೆಯ ಜೈನ ಒಕ್ಕಲು ಮನೆತನದಲ್ಲಿ. ಅದೇ ಜಿಲ್ಲೆಯ ಭೋಜ ಗ್ರಾಮದ ಆಚಾರ್ಯ ಶಾಂತಿಸಾಗರರು ೧೯೫೫ರಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನದಿಂದ ದೇಹ ಬಿಟ್ಟ ಸಂಗತಿಯನ್ನು ನಮ್ಮ ಮನೆಯಲ್ಲಿ ಕಣ್ಣಾರೆ ಕಂಡಂತೆ ವರ್ಣಿಸುತ್ತಿದ್ದರು. ನನಗೆ ಹತ್ತು ವರ್ಷವಾಗಿದ್ದಾಗ ನನ್ನ ಆಯಿ, ಎಂದರೆ ತಂದೆಯ ತಾಯಿ, ಅದೇ ವ್ರತವನ್ನು ಹಿಡಿದಳು. ಹೊಟ್ಟೆಯ ಕಾಯಿಲೆಗೆ ಇನ್ನು ಮದ್ದಿಲ್ಲವೆಂದು ಮೀರಜದ ವೈದ್ಯರು ಹೇಳಿ ಕಳಿಸಿದ್ದರು. ಆಕೆ ಮಕ್ಕಳನ್ನು, ಸೊಸೆಯರನ್ನು, ಹೊಲದ ಆಳುಗಳನ್ನು ಕರೆಸಿ ಎಲ್ಲರ ಕ್ಷಮೆ ಕೇಳಿದಳು. ಮೊದಲು ರೊಟ್ಟಿ ಬಿಟ್ಟಳು, ಆಮೇಲೆ ಹಾಲು, ಮಜ್ಜಿಗೆ. ಕೊನೆಗೆ ಕಾಸಿದ ನೀರೊಂದೇ ಉಳಿಯಿತು. ಸುತ್ತಲಿನ ಹಳ್ಳಿಗಳ ಜನ ದರ್ಶನಕ್ಕೆ ಬಂದರು. ಅಂಗಳದಲ್ಲಿ ಭಜನೆ ನಡೆಯಿತು. ನಮ್ಮ ಮನೆ ಒಂದು ಕ್ಷೇತ್ರವಾಯಿತು.

ನೀರನ್ನೂ ಬಿಟ್ಟ ಮೇಲೆ ಒಂದು ರಾತ್ರಿ ಆಯಿ ಏನೋ ಅಂದಳು. ದೊಡ್ಡ ಕಾಕಾ ಬಾಗಿ ಕಿವಿಗೊಟ್ಟರು. ಎದ್ದು ಹೊರಗೆ ಬಂದು ಕಂಬಕ್ಕೊರಗಿ ಕುಳಿತರು. "ನೀರು ಕೇಳಿದರೇನೋ" ಎಂದು ನನ್ನ ಅವ್ವ ಮೆಲ್ಲಗೆ ಅಂದದ್ದು ನನ್ನ ಕಿವಿಗೆ ಬಿತ್ತು. ಮರುದಿನ ಆಯಿ ಹೋದಳು. ಎಷ್ಟೋ ವರ್ಷಗಳ ನಂತರ, ಸ್ವತಃ ಹಾಸಿಗೆ ಹಿಡಿದಿದ್ದ ಕಾಕಾನನ್ನು ಆ ಮಾತಿನ ಬಗ್ಗೆ ಕೇಳಿದೆ. "ಏನಿಲ್ಲಪಾ, ಣಮೋಕಾರ ಅಂದಳು" ಎಂದರು. ನಂಬಬೇಕೆಂದು ನನ್ನ ಮನಸ್ಸು ಬಯಸುತ್ತದೆ. ನಂಬಿದ್ದೇನೆಂದು ಹೇಳಲಾರೆ.

ನಮ್ಮ ನಾಡಿನ ಕಲ್ಲುಗಳೂ ಇದೇ ಪ್ರಶ್ನೆಯನ್ನು ನಮ್ಮೆದುರು ಇಡುತ್ತವೆ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಗಳ ಮೇಲೆ ಸುಮಾರು ಏಳನೆಯ ಶತಮಾನದಿಂದಲೂ ಆಹಾರ ತ್ಯಜಿಸಿ ಮುಡಿಪಿದ ಮುನಿಗಳ, ಅಜ್ಜಿಕೆಯರ, ಗೃಹಸ್ಥರ ಹೆಸರುಗಳಿವೆ. ರಾಷ್ಟ್ರಕೂಟ ವಂಶದ ಕೊನೆಯ ಕುಡಿ ನಾಲ್ವಡಿ ಇಂದ್ರ ೯೮೨ರಲ್ಲಿ ಪ್ರಾಣ ಬಿಟ್ಟದ್ದು ಅಲ್ಲಿಯೇ. ಇತಿಹಾಸಜ್ಞ ಷ. ಶೆಟ್ಟರ್ ಅವರು ೧೯೮೯ ಮತ್ತು ೧೯೯೦ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ಎರಡು ಗ್ರಂಥಗಳು ಈ ಶಾಸನಗಳನ್ನೂ ಅವುಗಳ ಹಿಂದಿನ ತತ್ತ್ವವನ್ನೂ ಕೂಲಂಕಷವಾಗಿ ಪರಿಶೀಲಿಸಿವೆ. ಇದೇ ನಾಡಿನಲ್ಲಿ, ನಿಷಿಧಿಗಲ್ಲಿನಿಂದ ಎಷ್ಟೋ ಕಡೆ ಹೆಚ್ಚು ದೂರವೇನೂ ಇಲ್ಲದೆ, ಮಾಸ್ತಿಕಲ್ಲುಗಳೂ ನಿಂತಿವೆ. ಬಳೆ ತೊಟ್ಟ ತೋಳು ಮೇಲೆತ್ತಿ ಗಂಡನ ಚಿತೆಯೇರಿದ ಹೆಣ್ಣಿನ ನೆನಪು ಅವು. ಎರಡಕ್ಕೂ ಹೂವು, ಅರಿಶಿನ, ಕುಂಕುಮ ಸಲ್ಲುತ್ತಿದ್ದವು. ಎರಡನ್ನೂ ನಿಲ್ಲಿಸಿದವರು ಉಳಿದವರು.

ಇವೆರಡರ ವ್ಯತ್ಯಾಸವನ್ನು ಕಲ್ಲು ಹೇಳಲಾರದು. ಹೊಯ್ಸಳ ವಿಷ್ಣುವರ್ಧನನ ರಾಣಿ ಶಾಂತಲೆ ೧೧೩೧ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು. ಮಗಳ ಸಾವಿನ ಬಳಿಕ ತಾಯಿ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು, ಒಂದು ತಿಂಗಳು ಉಪವಾಸವಿದ್ದು ಮುಡಿಪಿದಳೆಂದು ಅಲ್ಲಿಯ ಶಾಸನ ಕೊಂಡಾಡುತ್ತದೆ. ಅದು ವೈರಾಗ್ಯವೋ, ಮಗಳಿಲ್ಲದ ಲೋಕ ಬೇಡವೆಂಬ ತಾಯಿಯ ಸಂಕಟವೋ? ಶಾಸನಕಾರನಿಗೆ ಆ ಪ್ರಶ್ನೆ ಏಳಲಿಲ್ಲ. ಅವನಿಗೆ ಬೇಕಾದದ್ದು ಮಾಚಿಕಬ್ಬೆಯ ಕೀರ್ತಿ, ಅವಳ ಮನಸ್ಸಲ್ಲ. ಧರ್ಮನೀತಿಯ ವಿಷಯದಲ್ಲಿ ನನ್ನ ಮೊದಲನೆಯ ಆಕ್ಷೇಪವೇ ಇದು. ಅದು ತ್ಯಾಗವನ್ನು ಕೊಂಡಾಡುತ್ತದೆ. ತ್ಯಾಗ ಮಾಡಿದವರು ಒಂದು ಗಳಿಗೆ ಹಿಂಜರಿದಿದ್ದರೆ ಅದನ್ನು ದಾಖಲಿಸುವುದಿಲ್ಲ. ೧೯೮೭ರಲ್ಲಿ ರಾಜಸ್ಥಾನದ ದೇವರಾಲಾದಲ್ಲಿ ಹದಿನೆಂಟರ ಹರೆಯದ ರೂಪ್ ಕನ್ವರ್ ಚಿತೆಯಲ್ಲಿ ಸುಟ್ಟುಹೋದಾಗ ಜನ ಜಯಕಾರ ಹಾಕಿದರು. ಬೆಂಟಿಂಕನ ೧೮೨೯ರ ಕಾಯಿದೆ ಬಂದು ಒಂದೂವರೆ ಶತಮಾನ ಕಳೆದಿದ್ದರೂ ಸತಿ ತಡೆಗೆ ಸಂಸತ್ತು ಅದೇ ವರ್ಷ ಮತ್ತೊಂದು ಕಾನೂನು ಮಾಡಬೇಕಾಯಿತು.

ಹಾಗಾದರೆ ಧರ್ಮವನ್ನು ಬದಿಗಿಟ್ಟು ಲೌಕಿಕ ಕಾನೂನಿನ ಕೈಗೆ ವಿಷಯವನ್ನು ಒಪ್ಪಿಸಿಬಿಟ್ಟರೆ ಬಿಕ್ಕಟ್ಟು ತೀರುತ್ತದೆಯೇ? ನನ್ನ ಸೇವಾವಧಿಯುದ್ದಕ್ಕೂ ಕಾನೂನಿನ ಅನ್ನ ಉಂಡ ನಾನು ಹೌದೆನ್ನಬೇಕು. ಆದರೆ ಆ ಚರಿತ್ರೆಯೂ ಅಷ್ಟೇನೂ ಉಜ್ಜ್ವಲವಾಗಿಲ್ಲ. ೧೮೬೦ರ ದಂಡ ಸಂಹಿತೆಯ ೩೦೯ನೆಯ ಕಲಮು ಬದುಕಲಾರದೆ ಸಾಯಹೊರಟು ಸಾಯಲೂ ಆಗದೆ ಉಳಿದವನಿಗೆ ಒಂದು ವರ್ಷದವರೆಗೆ ಸೆರೆವಾಸ ವಿಧಿಸಬಹುದೆಂದಿತು. ಪ್ರಜೆಯ ಪ್ರಾಣ ಪ್ರಭುವಿನ ಸೊತ್ತು ಎಂಬ ಹಳೆಯ ಭಾವನೆ ಅದರ ಹಿಂದಿತ್ತು. ಸರ್ವೋಚ್ಚ ನ್ಯಾಯಾಲಯ ೧೯೯೪ರಲ್ಲಿ ಅದನ್ನು ಅಸಿಂಧುಗೊಳಿಸಿ, ೧೯೯೬ರಲ್ಲಿ ಮತ್ತೆ ಎತ್ತಿಹಿಡಿಯಿತು. ೨೦೧೭ರ ಮಾನಸಿಕ ಆರೋಗ್ಯ ಕಾಯಿದೆ ಅದರ ಹಲ್ಲು ಕಿತ್ತಿತು. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಕಲಮು ಉಳಿಯಲಿಲ್ಲ. ಮನೋವೇದನೆ ಅಪರಾಧವಲ್ಲವೆಂದು ತಿಳಿಯಲು ನಮ್ಮ ಜಾತ್ಯತೀತ ಕಾನೂನಿಗೆ ಇಷ್ಟು ಕಾಲ ಹಿಡಿಯಿತು.

ಈ ಎರಡು ನೀತಿಗಳು ನೇರವಾಗಿ ಮುಖಾಮುಖಿಯಾದದ್ದು ೨೦೧೫ರಲ್ಲಿ. ರಾಜಸ್ಥಾನದ ಉಚ್ಚ ನ್ಯಾಯಾಲಯ ಆ ವರ್ಷದ ಆಗಸ್ಟ್ ೧೦ರಂದು, ಶ್ವೇತಾಂಬರರು ಸಂಥಾರವೆಂದು ಕರೆಯುವ ಈ ವ್ರತವನ್ನು ಆತ್ಮಹತ್ಯೆಯೆಂದು ಪರಿಗಣಿಸಿ ಮೊಕದ್ದಮೆ ಹೂಡಬೇಕೆಂದು ತೀರ್ಪಿತ್ತಿತು. ದೇಶದಾದ್ಯಂತ ಜೈನರು ಮೌನ ಮೆರವಣಿಗೆ ನಡೆಸಿದರು. ಅದೇ ತಿಂಗಳ ೩೧ರಂದು ಸರ್ವೋಚ್ಚ ನ್ಯಾಯಾಲಯ ತಡೆಯಾಜ್ಞೆ ನೀಡಿತು. ನನ್ನನ್ನು ಅಂದು ಕಾಡಿದ್ದು ತೀರ್ಪಿನ ಫಲಕ್ಕಿಂತ ಅದರ ದಾರಿ. ಸಂಥಾರವು ಜೈನಧರ್ಮದ 'ಅತ್ಯಗತ್ಯ ಆಚರಣೆ' ಎಂಬುದು ಸಿದ್ಧವಾಗಿಲ್ಲ, ಆದ್ದರಿಂದ ಅದಕ್ಕೆ ರಕ್ಷಣೆಯಿಲ್ಲ ಎಂಬುದು ನ್ಯಾಯಾಲಯದ ತರ್ಕವಾಗಿತ್ತು.

ಈ 'ಅತ್ಯಗತ್ಯ'ದ ಅಳತೆಗೋಲಿನ ಮೂಲ ಉಡುಪಿಯ ಶಿರೂರು ಮಠದ ಮೊಕದ್ದಮೆಯಲ್ಲಿ ೧೯೫೪ರಲ್ಲಿ ಸರ್ವೋಚ್ಚ ನ್ಯಾಯಾಲಯ ನೀಡಿದ ತೀರ್ಪಿನಲ್ಲಿದೆ. ಮಠದ ಆಡಳಿತದಲ್ಲಿ ಸರಕಾರ ಎಲ್ಲಿಯವರೆಗೆ ಕೈಹಾಕಬಹುದೆಂಬುದನ್ನು ತೀರ್ಮಾನಿಸಲು ಅದು ಉಪಯುಕ್ತವಾಗಿತ್ತು. ಆದರೆ ವ್ಯಕ್ತಿಯ ಅಂತರಂಗವನ್ನು ಅಳೆಯಲು ಅದನ್ನು ಬಳಸಿದಾಗ ವಿಚಿತ್ರ ಪರಿಣಾಮ ಉಂಟಾಗುತ್ತದೆ. ನ್ಯಾಯಾಧೀಶರು ಶಾಸ್ತ್ರಿಗಳಾಗಬೇಕಾಗುತ್ತದೆ. ಗ್ರಂಥದ ಆಧಾರ ತೋರಿಸಿದವನು ಗೆಲ್ಲುತ್ತಾನೆ, ತೋರಿಸಲಾಗದವನು ಸೋಲುತ್ತಾನೆ. ನಮ್ಮ ಮೇಷ್ಟ್ರಂಥವರಿಗಂತೂ ತೋರಿಸಲು ಗ್ರಂಥವೇ ಇಲ್ಲ! ಆಯಿಗೆ ಸಮಂತಭದ್ರರ ಸಾಕ್ಷ್ಯವಿತ್ತು. ಮೇಷ್ಟ್ರಿಗೆ ಇರುವುದು ಅವರ ಅಂತಃಸಾಕ್ಷಿ ಮಾತ್ರ.

ಸಂವಿಧಾನದ ೨೫ನೆಯ ವಿಧಿಯನ್ನು ಧರ್ಮಸ್ವಾತಂತ್ರ್ಯದ ವಿಧಿಯೆಂದು ನಾವು ಹೇಳಿಕೊಂಡು ಬಂದಿದ್ದೇವೆ. ಆದರೆ ಅದರಲ್ಲಿ ಮೊದಲು ಬರುವುದು ಅಂತಃಸಾಕ್ಷಿಯ ಸ್ವಾತಂತ್ರ್ಯ. ಧರ್ಮವನ್ನು ಅವಲಂಬಿಸುವ, ಆಚರಿಸುವ, ಪ್ರಚಾರ ಮಾಡುವ ಹಕ್ಕು ಅದರ ನಂತರದ್ದು. ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯ ಎಂಬ ಮಿತಿಗಳು ಎರಡಕ್ಕೂ ಇವೆ. ಈ ಕ್ರಮ ಆಕಸ್ಮಿಕವೋ ಅಲ್ಲವೋ, ಅರ್ಥಪೂರ್ಣವಂತೂ ಹೌದು. ಧರ್ಮವುಳ್ಳವನಿಗೂ ಇಲ್ಲದವನಿಗೂ ಸಮಾನವಾಗಿ ಇರುವುದು ಅಂತಃಸಾಕ್ಷಿಯೇ. ೧೯೮೬ರಲ್ಲಿ ಕೇರಳದ ಮೂವರು ಮಕ್ಕಳ ಪ್ರಕರಣದಲ್ಲಿ ನ್ಯಾಯಾಲಯ ಈ ಸೂಕ್ಷ್ಮವನ್ನು ಹಿಡಿದಿತ್ತು. ಯೆಹೋವನ ಸಾಕ್ಷಿಗಳ ಪಂಥಕ್ಕೆ ಸೇರಿದ ಆ ಮಕ್ಕಳು ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಂತರೂ ಹಾಡುತ್ತಿರಲಿಲ್ಲವೆಂದು ಶಾಲೆಯಿಂದ ಹೊರಹಾಕಲ್ಪಟ್ಟಿದ್ದರು. ಅವರ ನಂಬಿಕೆ ನಮಗೆ ಯುಕ್ತವೆನಿಸುತ್ತದೆಯೇ ಎಂಬುದಲ್ಲ, ಅದು ಪ್ರಾಮಾಣಿಕವಾದುದೇ ಎಂಬುದು ಪ್ರಶ್ನೆ ಎಂದು ನ್ಯಾಯಾಲಯ ಹೇಳಿ ಮಕ್ಕಳನ್ನು ಶಾಲೆಗೆ ಮರಳಿಸಿತು. ನನಗೆ ಬೇಕಾದ ಅಳತೆಗೋಲು ಇದು.

ಆದರೆ ಅಂತಃಸಾಕ್ಷಿ ಎಂದೊಡನೆ ಯಾರ ಅಂತಃಸಾಕ್ಷಿ ಎಂದು ಕೇಳಬೇಕಾಗುತ್ತದೆ. ಮುಂಬಯಿಯ ಕನ್ನಡಿಗರು ಅರುಣಾ ಶಾನಭಾಗರನ್ನು ಮರೆತಿರಲಾರರು. ಹೊನ್ನಾವರದ ಬಳಿಯ ಹಳದೀಪುರದಿಂದ ಬಂದು ಪರೇಲಿನ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದ ಆಕೆ ೧೯೭೩ರ ನವೆಂಬರ್ ೨೭ರ ಪೈಶಾಚಿಕ ಹಲ್ಲೆಯ ನಂತರ ಮಾತು, ಅರಿವು ಕಳೆದುಕೊಂಡು ಅದೇ ಆಸ್ಪತ್ರೆಯ ಹಾಸಿಗೆಯಲ್ಲಿ ನಲವತ್ತೊಂದು ವರ್ಷ ಉಳಿದರು. ಈ ಬದುಕು ಇನ್ನು ಸಾಕೆಂದು ಲೇಖಕಿ ಪಿಂಕಿ ವಿರಾನಿ ನ್ಯಾಯಾಲಯಕ್ಕೆ ಹೋದರು. ಬೇಡ, ಆಕೆ ನಮ್ಮವಳು, ನಾವು ನೋಡಿಕೊಳ್ಳುತ್ತೇವೆ ಎಂದು ಆಸ್ಪತ್ರೆಯ ದಾದಿಯರು ನಿಂತರು. ಅಷ್ಟು ವರ್ಷ ಆಕೆಯ ಮೈಮೇಲೆ ಒಂದು ಹಾಸಿಗೆ ಹುಣ್ಣೂ ಏಳದಂತೆ ನೋಡಿಕೊಂಡಿದ್ದವರು ಅವರು. ಎರಡೂ ಕಡೆ ನಿಂತದ್ದು ಶಾಸ್ತ್ರವಲ್ಲ, ಲೌಕಿಕ ಅಂತಃಸಾಕ್ಷಿಯೇ. ೨೦೧೧ರ ಮಾರ್ಚ್ ೭ರಂದು ನ್ಯಾಯಾಲಯ ದಾದಿಯರ ಮಾತನ್ನು ಮನ್ನಿಸಿತು. ಜೊತೆಗೆ, ತಕ್ಕ ಸಂದರ್ಭದಲ್ಲಿ ಉಚ್ಚ ನ್ಯಾಯಾಲಯದ ಒಪ್ಪಿಗೆಯಿಂದ ಜೀವರಕ್ಷಕ ಚಿಕಿತ್ಸೆಯನ್ನು ಹಿಂತೆಗೆಯಬಹುದೆಂದೂ ಹೇಳಿತು. ಅರುಣಾ ೨೦೧೫ರ ಮೇ ೧೮ರಂದು ತೀರಿಕೊಂಡರು. ಇಬ್ಬರ ಕರುಣೆಯಲ್ಲಿ ಯಾವುದು ದೊಡ್ಡದೆಂದು ತೂಗಲು ನಾನು ಸಿದ್ಧನಿಲ್ಲ. ಆದರೆ ಇಡೀ ವಾದದಲ್ಲಿ ಕೇಳಿಸದೆ ಹೋದ ಧ್ವನಿ ಒಂದೇ, ಅರುಣಾ ಅವರದು. ಅವರಿಗೇನು ಬೇಕಿತ್ತೆಂದು ಹೇಳಬಲ್ಲವರು ಯಾರೂ ಇರಲಿಲ್ಲ.

ಮೇಷ್ಟ್ರ ಕಾಗದ ನನಗೆ ಬೇರೆಯಾಗಿ ಕಾಣತೊಡಗಿದ್ದು ಇಲ್ಲಿ. ಅದು ಸಾವಿನ ಪತ್ರವಲ್ಲ. ಮಾತು ನಿಂತ ಮೇಲೂ ತನ್ನ ಮಾತು ಉಳಿಯಲೆಂದು ಒಬ್ಬ ಮನುಷ್ಯ ಮಾಡಿಕೊಂಡ ಏರ್ಪಾಡು.

ಇದಕ್ಕೆ ಧರ್ಮನೀತಿಯ ಪರವಾಗಿ ಎತ್ತಬಹುದಾದ ಒಂದು ಗಂಭೀರ ಆಕ್ಷೇಪವಿದೆ. ಅದನ್ನು ಹಗುರವಾಗಿ ತಳ್ಳಿಹಾಕಬಾರದು. ಬದುಕು ನಮ್ಮ ಸ್ವಂತ ಗಳಿಕೆಯಲ್ಲ, ಅದನ್ನು ಬೇಕಾದಂತೆ ವಿಲೇವಾರಿ ಮಾಡುವ ಹಕ್ಕು ನಮಗಿಲ್ಲ ಎಂದು ಎಲ್ಲ ಧರ್ಮಗಳೂ ಬೇರೆ ಬೇರೆ ಮಾತುಗಳಲ್ಲಿ ಹೇಳಿವೆ. ಈ ಮಾತನ್ನು ನಂಬದವರೂ ಅದರ ಸಾಮಾಜಿಕ ಅರ್ಥವನ್ನು ಗಮನಿಸಬೇಕು. ವ್ಯಕ್ತಿಸ್ವಾತಂತ್ರ್ಯ ಎಂಬುದು ಬಡವನ ಮನೆಯಲ್ಲಿ ಯಾವ ರೂಪ ತಾಳುತ್ತದೆ? ಆಸ್ಪತ್ರೆಯ ಒಂದು ದಿನದ ಬಿಲ್ಲು ಮಗನ ಒಂದು ತಿಂಗಳ ಸಂಬಳವನ್ನು ನುಂಗುವಾಗ, "ನನಗೆ ಸಾಕಪ್ಪ" ಎಂದು ಮುದುಕಿ ಹೇಳಿದರೆ ಅದು ಆಕೆಯ ಇಚ್ಛೆಯೋ, ಆ ಬಿಲ್ಲಿನ ಇಚ್ಛೆಯೋ? ತಮಿಳುನಾಡಿನ ದಕ್ಷಿಣ ಜಿಲ್ಲೆಗಳಲ್ಲಿ ಹಾಸಿಗೆ ಹಿಡಿದ ವೃದ್ಧರಿಗೆ ಎಣ್ಣೆಸ್ನಾನ ಮಾಡಿಸಿ ಎಳನೀರು ಕುಡಿಸಿ ಸಾಗಹಾಕುವ 'ತಲೈಕೂತ್ತಲ್' ಪದ್ಧತಿಯ ವರದಿಗಳನ್ನು ಓದಿದವರಿಗೆ ಈ ಭಯ ಕಾಲ್ಪನಿಕವೆನಿಸದು. ಅಲ್ಲಿ ಶಾಸ್ತ್ರವೂ ಇಲ್ಲ, ಸ್ವಾತಂತ್ರ್ಯವೂ ಇಲ್ಲ. ಇರುವುದು ಮನೆಯವರ ಬಡತನ ಮತ್ತು ಬೇಸರ.

ಸೋಜಿಗದ ಸಂಗತಿಯೆಂದರೆ ಈ ಭಯಕ್ಕೆ ತಕ್ಕ ಎಚ್ಚರಿಕೆಯನ್ನು ನಾನು ಕಂಡದ್ದು ಹಳೆಯ ಧರ್ಮಗ್ರಂಥಗಳಲ್ಲಿ. ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರವು ಪರಿಹಾರವಿಲ್ಲದ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗ ಬಂದಾಗ ಮಾತ್ರ ಸಲ್ಲೇಖನಕ್ಕೆ ಎಡೆಗೊಡುತ್ತದೆ. ಇಷ್ಟಕ್ಕೇ ನಿಲ್ಲದೆ ವ್ರತಧಾರಿಯ ಮನಸ್ಸಿನ ದೋಷಗಳನ್ನೂ ಪಟ್ಟಿ ಮಾಡುತ್ತದೆ. ಇನ್ನೂ ಬದುಕಬೇಕೆಂಬ ಆಸೆಯಂತೆ ಬೇಗ ಸಾಯಬೇಕೆಂಬ ಆಸೆಯೂ ದೋಷ, ಭಯ ದೋಷ, ಮುಂದಿನ ಭವದ ಫಲ ಬಯಸುವುದೂ ದೋಷ. ಎಂದರೆ ನೋವಿನಿಂದ ಓಡುವವನಿಗೂ ಕೀರ್ತಿಗೆ ಆಸೆಪಡುವವನಿಗೂ ಅಲ್ಲಿ ಬಾಗಿಲು ಮುಚ್ಚಿದೆ. ಆಧುನಿಕ ನ್ಯಾಯಶಾಸ್ತ್ರ 'ಸ್ವಇಚ್ಛೆ' ಎಂದು ಕರೆಯುವ ತತ್ತ್ವದ ಇಷ್ಟು ಕಠಿಣ ಪರೀಕ್ಷೆ ಯಾವ ಸರಕಾರಿ ನಮೂನೆಯಲ್ಲೂ ಇಲ್ಲ.

ಶಾಸ್ತ್ರ ಇಷ್ಟು ಎಚ್ಚರ ವಹಿಸಿದ್ದರೂ ಸಮುದಾಯ ಎಚ್ಚರ ತಪ್ಪುತ್ತದೆ. ೨೦೨೫ರಲ್ಲಿ ಇಂದೋರಿನಲ್ಲಿ ಮೆದುಳಿನ ಗಡ್ಡೆಯಿಂದ ನರಳುತ್ತಿದ್ದ ಮೂರು ವರ್ಷದ ಮಗುವಿಗೆ ಸಂಥಾರ ಕೊಡಿಸಿದ ಸುದ್ದಿ ಬಂದಾಗ ನಾನು ಪತ್ರಿಕೆಯನ್ನು ಮಡಿಸಿಟ್ಟೆ. ಆ ತಂದೆತಾಯಿಯ ದುಃಖವನ್ನು ನಾನು ಹೀಗಳೆಯಲಾರೆ. ಆದರೆ ಮೂರು ವರ್ಷದ ಮಗುವಿಗೆ ವ್ರತವೆಂದರೇನು ಗೊತ್ತು? ಅಂತಃಸಾಕ್ಷಿ ರೂಪುಗೊಳ್ಳದ ಜೀವದ ಪರವಾಗಿ ಬೇರೊಬ್ಬರು ತ್ಯಾಗದ ಸಂಕಲ್ಪ ಮಾಡುವಂತಿಲ್ಲ. ನನ್ನ ಸಮುದಾಯದವರಿಗೆ ಇದನ್ನು ಹೇಳುವುದು ಕಷ್ಟ, ಆದರೂ ಹೇಳಬೇಕಾಗಿದೆ. ನಮ್ಮ ವ್ರತವನ್ನು ಕಾನೂನಿನಿಂದ ಉಳಿಸಿಕೊಳ್ಳಬೇಕೆಂದಿದ್ದರೆ, ಅದು ಪ್ರಾಯಕ್ಕೆ ಬಂದ, ಅರಿವುಳ್ಳ ವ್ಯಕ್ತಿಯ ಸ್ವಂತ ನಿರ್ಣಯವಾಗಿರಬೇಕೆಂದು ನಾವೇ ಮೊದಲು ಸಾರಬೇಕು. ಮೆರವಣಿಗೆ, ಜಯಕಾರ, ಛಾಯಾಚಿತ್ರಗಳನ್ನು ಕೈಬಿಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಹಿಂತಿರುಗಲು ಬಯಸಿದವರಿಗೆ ಅವಮಾನವಿಲ್ಲದೆ ಹಿಂತಿರುಗುವ ದಾರಿ ತೆರೆದಿರಬೇಕು. ಅರ್ಧರಾತ್ರಿಯಲ್ಲಿ ನೀರು ಕೇಳಿದವರಿಗೆ ನೀರು ಸಿಗಬೇಕು. ಮರಳಿ ಬರುವ ಸ್ವಾತಂತ್ರ್ಯವಿಲ್ಲದ ವ್ರತ ಬಂಧನವೇ ಹೊರತು ವ್ರತವಲ್ಲ.

ಇದೇ ಮಾತನ್ನು ವಿಚಾರವಾದಿ ಮಿತ್ರರಿಗೂ ಹೇಳಬಯಸುತ್ತೇನೆ. ದೇವರ ಹೆಸರಿನಲ್ಲಿ ಮಾಡಿದ್ದೆಲ್ಲ ಮೌಢ್ಯ, ಆಸ್ಪತ್ರೆಯಲ್ಲಿ ಮಾಡಿದ್ದೆಲ್ಲ ವಿವೇಕ ಎಂಬ ಸರಳ ಲೆಕ್ಕ ಇಲ್ಲಿ ನಡೆಯುವುದಿಲ್ಲ. ತೀವ್ರ ನಿಗಾ ಘಟಕದಲ್ಲಿ ಬಂಧುಗಳನ್ನು ಹೊರಗಿಟ್ಟು, ಕೈಕಾಲು ಕಟ್ಟಿ, ಗಂಟಲಿಗೆ ಕೊಳವೆ ತುರುಕಿ, ಆಸೆಯಿಲ್ಲವೆಂದು ಗೊತ್ತಿದ್ದೂ ವಾರಗಟ್ಟಲೆ ನಡೆಸುವ ವಿಧಿಗಳೂ ಒಂದು ಬಗೆಯ ಕರ್ಮಕಾಂಡವೇ. ಅಲ್ಲಿಯೂ ರೋಗಿಯನ್ನು ಯಾರೂ ಕೇಳುವುದಿಲ್ಲ. ೨೦೧೮ರ ತೀರ್ಪು ಬಂದು ಇಷ್ಟು ವರ್ಷವಾದರೂ ಅದರ ಪರಿಚಯ ನಮ್ಮಲ್ಲಿ ಎಷ್ಟು ಮಂದಿಗಿದೆ? ಕರ್ನಾಟಕ ಸರಕಾರ ೨೦೨೫ರ ಜನವರಿ ೩೦ರಂದು ಅದರ ಅನುಷ್ಠಾನಕ್ಕೆ ಸುತ್ತೋಲೆ ಹೊರಡಿಸಿತು. ರೋಗಿಯ ಸ್ಥಿತಿಯನ್ನು ಎರಡು ವೈದ್ಯಮಂಡಳಿಗಳು ಒಂದಾದ ಮೇಲೊಂದು ಪರಿಶೀಲಿಸಬೇಕು. ರೋಗಿ ಹೆಸರಿಸಿದವರ ಅಥವಾ ಹತ್ತಿರದ ಬಂಧುಗಳ ಸಮ್ಮತಿ ಬೇಕು. ಚಿಕಿತ್ಸೆ ನಿಲ್ಲಿಸುವ ಮುನ್ನ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಈ ಕಟ್ಟಳೆಗಳು ತೊಡಕಿನವೆಂದು ಕೆಲವರು ಗೊಣಗುತ್ತಾರೆ. ಆ ಮುದುಕಿಯನ್ನೂ ಆ ಬಿಲ್ಲನ್ನೂ ನೆನೆದಾಗ ತೊಡಕು ಇರಲಿ ಎಂದೇ ನನಗನಿಸುತ್ತದೆ.

ಧರ್ಮನೀತಿ ಮತ್ತು ಲೌಕಿಕ ವಿವೇಕಗಳಲ್ಲಿ ಯಾವುದು ಮೇಲು ಎಂಬ ಪ್ರಶ್ನೆಯೇ ನನಗೆ ಈಗ ಅಷ್ಟು ಮುಖ್ಯವಾಗಿ ಕಾಣುತ್ತಿಲ್ಲ. ಎರಡಕ್ಕೂ ವ್ಯಕ್ತಿಯನ್ನು ನುಂಗಿಬಿಡುವ ಹಸಿವಿದೆ; ಎರಡರಲ್ಲೂ ಅವನನ್ನು ಕಾಯುವ ಸತ್ತ್ವವೂ ಇದೆ. ನಿರ್ಣಯ ಆ ವ್ಯಕ್ತಿಯದೇ ಆಗಿದ್ದು, ಅದರಿಂದ ಬೇರೆ ಯಾರಿಗೂ ಲಾಭ ಕೀರ್ತಿಗಳಿಲ್ಲದೆ, ಕೊನೆಯ ಕ್ಷಣದವರೆಗೂ ಬದಲಾಯಿಸುವ ಅವಕಾಶವಿದ್ದರೆ, ಆತ ಅದನ್ನು ಣಮೋಕಾರ ಹೇಳಿ ಕೈಗೊಂಡನೇ, ಏನೂ ಹೇಳದೆ ಕೈಗೊಂಡನೇ ಎಂದು ಕೇಳುವ ಅಧಿಕಾರ ಸರಕಾರಕ್ಕಿಲ್ಲ, ಸಮಾಜಕ್ಕೂ ಇಲ್ಲ. ಉಳಿದ ನಾವೆಲ್ಲ ಸಾಕ್ಷಿಗಳು, ಸಾಕ್ಷಿಯು ನಿರ್ಣಾಯಕನಾಗಕೂಡದು.

ಮುಂದಿನ ಭಾನುವಾರ ನಾನೇ ಮೇಷ್ಟ್ರ ಮನೆಗೆ ಹೋದೆ. ಅವರ ಮಗಳು, ಮತ್ತೆ ಇಬ್ಬರು ಸಾಕ್ಷಿಗಳು ಇದ್ದರು. ನಿಯಮದಂತೆ, ಯಾರ ಒತ್ತಾಯವೂ ಇಲ್ಲದೆ ಇದನ್ನು ಬರೆದಿದ್ದೀರಾ ಎಂದು ಕೇಳಿದೆ. "ಹೌದು" ಎಂದರು. ಮನಸ್ಸು ಬದಲಾದರೆ ಯಾವಾಗ ಬೇಕಾದರೂ ರದ್ದುಪಡಿಸಬಹುದು, ಗೊತ್ತಿದೆಯೇ ಎಂದೆ. "ಗೊತ್ತಿದೆ. ಅದಕ್ಕೇ ಧೈರ್ಯವಾಗಿ ಬರೆದೆ" ಎಂದು ನಕ್ಕರು. ನಾನು ಅವರ ಮಗಳ ಕಡೆ ತಿರುಗಿ, "ಒಂದು ವೇಳೆ ಕೊನೆಯಲ್ಲಿ ಇವರು ಏನಾದರೂ ಹೇಳಿದರೆ ಸರಿಯಾಗಿ ಕೇಳಿಸಿಕೊಳ್ಳಮ್ಮ" ಎಂದೆ. ಆಕೆಗೆ ನನ್ನ ಮಾತಿನ ಹಿನ್ನೆಲೆ ತಿಳಿದಿರಲಾರದು. ಆದರೂ ತಲೆಯಾಡಿಸಿದಳು.

ರುಜು ಹಾಕಿ, ದಿನಾಂಕ ಬರೆದು, ಮೊಹರು ಒತ್ತಿದೆ.